ಡಾಕ್ಟರಿಗೆ ಕಾಲನ್ನೂ ತೋರಿಸಿ

ನಮ್ಮ ಕಡೆಯ ಮನೆಗಳು ಹೆಚ್ಚಾಗಿ ರಸ್ತೆ ಬದಿಯಲ್ಲಿರುವುದಿಲ್ಲ. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಬಸ್ಸಿನಿಂದ ಇಳಿದವರು ಗುಡ್ಡ ಇಳಿದು, ತೋಡು ದಾಟಿ, ಅಡಿಕೆ ತೋಟದ ನಡುವಿನ ಕಾಲುದಾರಿಯಲ್ಲಿ ಸಾಗಿ, ಕೊನೆಗೆ ಮುರಕಲ್ಲಿನ ಮೆಟ್ಟಿಲು ಹತ್ತಿದರೆ ಮಾತ್ರ ಮನೆ ಸಿಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಈ ದಾರಿಯುದ್ದಕ್ಕೂ ಪಾಚಿ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು ಇಂಥ ಊರುಗಳಲ್ಲಿ ನಡೆದೇ ಹೋಗಬೇಕಾದ ಜನರಿಗಾಗಿ. ಇಲ್ಲಿ ಕಾಲು ಕೆಟ್ಟವರಿಗೆ ಪೇಟೆ ಮಾತ್ರವಲ್ಲ, ಪಕ್ಕದ ಮನೆಯೂ ದೂರವಾಗುತ್ತದೆ.

ಆದರೂ ಸಂಧಿವಾತ ಎಂದೊಡನೆ ನಮಗೆಲ್ಲ ನೆನಪಾಗುವುದು ಕೈ. ಬಾಗಿದ ಬೆರಳು, ಊದಿದ ಮಣಿಗಂಟು. ಕಾಲಿನ ಕಡೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ. ನಮ್ಮ ಉಮ್ಮನ ಕಾಲುಗಳ ಕಥೆಯನ್ನು ಇಲ್ಲಿ ಹೇಳಹೊರಟಿರುವುದು ಅದಕ್ಕಾಗಿಯೇ. ಮಕ್ಕಳಾದ ನಾವು ಮೂವರೂ ಕೂಡಿ ಕಂಡದ್ದು, ಕಲಿತದ್ದು ಇದರಲ್ಲಿದೆ. ಹೇಳಲು ಉಮ್ಮನ ಒಪ್ಪಿಗೆಯೂ ಇದೆ.

2008ರ ಮಳೆಗಾಲವನ್ನು ದಕ್ಷಿಣ ಕನ್ನಡದವರು ಮರೆತಿರಲಾರರು. ಚಿಕೂನ್‌ಗುನ್ಯಾ ಜಿಲ್ಲೆಗೆ ಜಿಲ್ಲೆಯನ್ನೇ ಮಲಗಿಸಿದ ವರ್ಷವದು. ಕಡಬ ಆಗ ಇನ್ನೂ ಪುತ್ತೂರು ತಾಲೂಕಿನೊಳಗೇ ಇತ್ತು. ರಬ್ಬರ್ ಹಾಲಿಗೆ ಕಟ್ಟಿದ ಚಿಪ್ಪುಗಳಲ್ಲಿ, ತೋಟದಲ್ಲಿ ಬಿದ್ದ ಹಾಳೆಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿ ಮನೆಮನೆಗೆ ಜ್ವರ ಹಬ್ಬಿತು. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದೆವು, ಎಲ್ಲರ ಗಂಟುಗಳೂ ಹಿಡಿದುಕೊಂಡವು. ತಿಂಗಳು ಎರಡಾಗುವಾಗ ನಾವೆಲ್ಲ ಎದ್ದೆವು. ಉಮ್ಮನ ನೋವು ಮಾತ್ರ ಹೋಗಲಿಲ್ಲ.

ಆಗ ಅವರಿಗೆ ನಲವತ್ತೆರಡು ವರ್ಷ. ಬೀಡಿ ಕಟ್ಟುತ್ತಿದ್ದರು. ಬೆಳಗ್ಗೆ ಎದ್ದರೆ ಒಂದು ಗಂಟೆ ಕತ್ತರಿ ಹಿಡಿಯಲು ಬೆರಳು ಬಾಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದರು. "ಚಿಕೂನ್‌ಗುನ್ಯಾದ ನೋವು, ವರ್ಷಗಟ್ಟಲೆ ಇರುತ್ತದಂತೆ" ಎಂದು ಊರೆಲ್ಲ ಹೇಳುತ್ತಿತ್ತು. ಅದರಲ್ಲಿ ಸುಳ್ಳೇನೂ ಇಲ್ಲ. ಆ ಜ್ವರದ ಗಂಟು ನೋವು ಕೆಲವರಲ್ಲಿ ತಿಂಗಳುಗಳ ಕಾಲ, ಕೆಲವರಲ್ಲಿ ವರ್ಷಗಳ ಕಾಲ ಉಳಿಯುವುದುಂಟು. ಆದರೆ ಅದೇ ಹೆಸರಿನ ಮರೆಯಲ್ಲಿ ಬೇರೊಂದು ಕಾಯಿಲೆ ಅಡಗಿಕೊಳ್ಳಬಹುದು ಎಂಬುದು ನಮ್ಮೂರಿನಲ್ಲಿ ಯಾರಿಗೂ ಹೊಳೆಯುವಂಥದ್ದಾಗಿರಲಿಲ್ಲ.

ನೋವಿಗೆ ಒಂದು ಪುಡಿ ಬಂತು. ಹೆಸರಿಲ್ಲದ ಪೊಟ್ಟಣ. ತಿಂದ ಮರುದಿನವೇ ಉಮ್ಮ ಎದ್ದು ತೋಟಕ್ಕೆ ನಡೆದರು. ಪವಾಡವೆಂದೇ ಎಲ್ಲರೂ ಅಂದುಕೊಂಡರು. ಕ್ರಮೇಣ ಮುಖ ಊದಿತು, ಸಕ್ಕರೆ ಏರಿತು, ಪುಡಿ ತಪ್ಪಿದ ದಿನ ಹಾಸಿಗೆಯಿಂದ ಏಳಲಾಗದಂತಾಯಿತು. ಇಂಥ ಪೊಟ್ಟಣಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು ಎಂದು ಮುಂದೆ ಡಾಕ್ಟರು ತಿಳಿಸಿದರು. ಸ್ಟಿರಾಯ್ಡ್ ಕೆಟ್ಟ ಔಷಧವೇನಲ್ಲ. ಅಮೆರಿಕದ ಫಿಲಿಪ್ ಹೆಂಚ್ 1948ರಲ್ಲಿ ಕಾರ್ಟಿಸೋನನ್ನು ಸಂಧಿವಾತದ ರೋಗಿಗೆ ಮೊದಲ ಬಾರಿ ಕೊಟ್ಟು, 1950ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಆದರೆ ಅಳತೆಯಿಲ್ಲದೆ, ಹೆಸರಿಲ್ಲದೆ ವರ್ಷಗಟ್ಟಲೆ ತಿಂದರೆ ಅದು ನೋವನ್ನು ಮರೆಸುತ್ತಾ ಎಲುಬನ್ನು ಟೊಳ್ಳು ಮಾಡುತ್ತದೆ. ಇನ್ನೊಂದು ಮಾತು: ಬಹುಕಾಲ ತಿಂದ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಡಾಕ್ಟರ ಲೆಕ್ಕದಂತೆ ಇಳಿಸುತ್ತಾ ಬರಬೇಕು.

2013ರಲ್ಲಿ ಮಂಗಳೂರಿನ ಸಂಧಿರೋಗ ತಜ್ಞರೊಬ್ಬರ ಎದುರು ಉಮ್ಮ ಕುಳಿತರು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆದ ಮೇಲೆ ಕಾಯಿಲೆಗೆ ಹೆಸರು ಬಂತು: ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ಆಯುರ್ವೇದ ಪಂಡಿತರು ಆಮವಾತ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಇದು ಸವೆತದ ರೋಗವಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಕೀಲಿನ ಒಳಪೊರೆ ಊದಿ ದಪ್ಪವಾಗಿ, ಮೃದ್ವಸ್ಥಿಯನ್ನೂ ಎಲುಬನ್ನೂ ತಿನ್ನುತ್ತದೆ, ಕಟ್ಟುಗಳನ್ನು ಸಡಿಲಿಸುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಆರಂಭವಾಯಿತು. 1985ರ ಸುಮಾರಿನ ಪ್ರಯೋಗಗಳ ನಂತರ ಈ ರೋಗದ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಔಷಧವಿದು. ವಾರಕ್ಕೆ ಒಂದೇ ದಿನ ತಿನ್ನಬೇಕು. ದಿನವೂ ತಿಂದರೆ ಪ್ರಾಣಕ್ಕೇ ಸಂಚಕಾರ. ಉಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತೀ ಆದಿತ್ಯವಾರಕ್ಕೆ ಕೆಂಪು ಶಾಯಿಯಲ್ಲಿ ವೃತ್ತ ಹಾಕಿದರು, ಇಂದಿಗೂ ಹಾಕುತ್ತಾರೆ. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಗರ್ಭಿಣಿಯರು ಮತ್ತು ಗರ್ಭ ಧರಿಸಬಯಸುವವರು ಈ ಔಷಧ ತಿನ್ನಬಾರದು. ಆದ್ದರಿಂದ ಎಳೆಯ ಪ್ರಾಯದ ಹೆಣ್ಮಕ್ಕಳು ಡಾಕ್ಟರಲ್ಲಿ ಮೊದಲೇ ಬಿಚ್ಚಿ ಮಾತಾಡಬೇಕು.

ವರ್ಷದೊಳಗೆ ಉಮ್ಮನ ಕೈ ಹಗುರಾಯಿತು. ಆದರೆ ಕಾಲು ಆ ಹೊತ್ತಿಗಾಗಲೇ ತನ್ನ ದಾರಿ ಹಿಡಿದಾಗಿತ್ತು.

ಸಂಧಿವಾತದಲ್ಲಿ ಕಾಲಿಗೆ ಆಗುವುದೇನೆಂದು ಸ್ವಲ್ಪ ವಿವರಿಸಬೇಕು. ಬೆರಳುಗಳು ಪಾದವನ್ನು ಸೇರುವಲ್ಲಿ ಐದು ಕೀಲುಗಳಿವೆ. ನಾವು ಒಂದೊಂದು ಹೆಜ್ಜೆ ಎತ್ತುವಾಗಲೂ ಮೈಭಾರ ಇವುಗಳ ಮೇಲೆ ಬೀಳುತ್ತದೆ. ಪೊರೆ ಊದಿ ಕಟ್ಟು ಸಡಿಲಾದಾಗ ಹೆಬ್ಬೆರಳು ಹೊರಕ್ಕೆ, ಪಕ್ಕದ ಬೆರಳಿನ ಕಡೆಗೆ ವಾಲುತ್ತದೆ. ಅದರ ಬುಡದಲ್ಲಿ ಗುಬ್ಬೆ ಏಳುತ್ತದೆ. ಉಳಿದ ನಾಲ್ಕು ಬೆರಳುಗಳು ಕೀಲು ತಪ್ಪಿ ಮೇಲಕ್ಕೆ ಎದ್ದು, ಹಕ್ಕಿಯ ಉಗುರಿನಂತೆ ಬಾಗುತ್ತವೆ. ಅಂಗಾಲಿನ ಮುಂಭಾಗದಲ್ಲಿ ದಿಂಬಿನಂತೆ ಇರುವ ಕೊಬ್ಬಿನ ಪದರವನ್ನೂ ಅವು ಮುಂದಕ್ಕೆ ಎಳೆದುಕೊಂಡು ಹೋಗುತ್ತವೆ. ಆಗ ಎಲುಬಿನ ತುದಿಗಳು ನೇರ ಚರ್ಮಕ್ಕೇ ತಾಗುತ್ತವೆ. ಅಲ್ಲಿ ಆಣಿ ಕಟ್ಟುತ್ತದೆ, ಒಮ್ಮೊಮ್ಮೆ ಒಡೆದು ಹುಣ್ಣಾಗುತ್ತದೆ. "ಚಪ್ಪಲಿಯೊಳಗೆ ಜಲ್ಲಿ ಹಾಕಿಕೊಂಡು ನಡೆದ ಹಾಗೆ" ಎಂದು ಉಮ್ಮ ಹೇಳುತ್ತಿದ್ದರು.

ಹವಾಯಿ ಚಪ್ಪಲಿಯ ಬಾರು ಹೆಬ್ಬೆರಳಿನ ಪಕ್ಕ ತೂರದಾಯಿತು. ಉಪ್ಪನ ಅಗಲ ಚಪ್ಪಲಿಯನ್ನು ಹಾಕಿ ಎಳೆಯುತ್ತಾ ನಡೆದರು. ವುಝೂ ಮಾಡುವಾಗ ಒಂದರ ಮೇಲೊಂದು ಏರಿದ ಬೆರಳುಗಳ ಸಂದಿಗೆ ನೀರು ಹೋಗುತ್ತಿತ್ತು, ಒಣಗುತ್ತಿರಲಿಲ್ಲ. ಚರ್ಮ ಬೆಳ್ಳಗಾಗಿ ಕೊಳೆಯತೊಡಗಿತು. ಮದುವೆ ಮನೆಯೊಂದರಲ್ಲಿ ಉಮ್ಮನ ಕಾಲು ನೋಡಿದ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ ಕುಷ್ಠವಿರಬೇಕೆಂದು ಪಿಸುಗುಟ್ಟಿದ್ದು ಉಮ್ಮನಿಗೆ ಕೇಳಿಸಿತು. ಅಂದಿನಿಂದ ಅವರು ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟರು. ಕುಷ್ಠದಲ್ಲಿ ನರಗಳು ಸತ್ತು ಕಾಲಿಗೆ ನೋವೇ ತಿಳಿಯುವುದಿಲ್ಲ. ಸಂಧಿವಾತದಲ್ಲಿ ನೋವೇ ಎಲ್ಲ. ಎರಡಕ್ಕೂ ಸಂಬಂಧವಿಲ್ಲ. ಕುಷ್ಠವೂ ಔಷಧದಿಂದ ಪೂರ್ಣ ಗುಣವಾಗುವ ಕಾಯಿಲೆ, ಅದರಲ್ಲಿ ಪಿಸುಗುಟ್ಟುವಂಥದ್ದು ಏನೂ ಇಲ್ಲ. ವಿಶೇಷವೆಂದರೆ, ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಅವರ ಜೊತೆಗಾರರು ಕುಷ್ಠರೋಗಿಗಳ ಪಾದ ಉಳಿಸಲು ಪಟ್ಟ ಶ್ರಮದಿಂದ ನಮ್ಮ ದೇಶದಲ್ಲಿ ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಚಪ್ಪಲಿಯೇ, ಎಂಸಿಆರ್ ಚಪ್ಪಲಿ ಎನ್ನುತ್ತಾರೆ, ಉಮ್ಮನ ಕಾಲಿಗೆ ಮೊದಲ ನೆಮ್ಮದಿ ಕೊಟ್ಟಿತು.

ಇಷ್ಟೆಲ್ಲ ಆಗುವವರೆಗೂ ಈ ಕಾಲನ್ನು ಡಾಕ್ಟರು ನೋಡಲಿಲ್ಲವೇ ಎಂದು ಓದುಗರು ಕೇಳಬಹುದು. ಉಮ್ಮ ತೋರಿಸಲಿಲ್ಲ. ಚಪ್ಪಲಿ ಬಾಗಿಲ ಹೊರಗಿರುತ್ತಿತ್ತು, ಕಾಲು ಸೀರೆಯ ನೆರಿಗೆಯೊಳಗಿರುತ್ತಿತ್ತು. ಕೈ ಚಾಚಿದರೆ ಸಾಕಾಗುತ್ತಿತ್ತು. ಇದು ಉಮ್ಮ ಒಬ್ಬರ ಸಂಕೋಚವೂ ಅಲ್ಲ. ಈ ರೋಗದ ಏರಿಳಿತ ಅಳೆಯಲು ಜಗತ್ತಿನಾದ್ಯಂತ ವೈದ್ಯರು ಬಳಸುವ ಒಂದು ಲೆಕ್ಕವಿದೆ. ಅದರಲ್ಲಿ ಇಪ್ಪತ್ತೆಂಟು ಕೀಲುಗಳನ್ನು ಮುಟ್ಟಿ ನೋಡುತ್ತಾರೆ: ಭುಜ, ಮೊಣಕೈ, ಮಣಿಗಂಟು, ಕೈಬೆರಳು, ಮೊಣಕಾಲು. ಪಾದದ ಗಂಟೂ ಕಾಲ್ಬೆರಳೂ ಆ ಇಪ್ಪತ್ತೆಂಟರಲ್ಲಿ ಇಲ್ಲ. ಲೆಕ್ಕದಲ್ಲಿ ರೋಗ ಹತೋಟಿಯಲ್ಲಿದೆ ಎಂದು ಬಂದ ದಿನವೂ ಕಾಲು ಒಳಗೊಳಗೆ ಊದುತ್ತಿರಬಹುದು. ಆದುದರಿಂದ ರೋಗಿಯೇ ಕಾಲನ್ನು ಮುಂದಿಡಬೇಕು.

2018ರಲ್ಲಿ ಬಲ ಅಂಗಾಲಿನ ಹುಣ್ಣು ಎರಡು ತಿಂಗಳಾದರೂ ಒಣಗದೆ ಹೋದಾಗ ಸಂಧಿರೋಗ ತಜ್ಞರೇ ನಮ್ಮನ್ನು ಎಲುಬಿನ ಡಾಕ್ಟರಲ್ಲಿಗೆ ಕಳಿಸಿದರು. ಆಪರೇಷನ್ನಿನ ಮಾತು ಬಂದದ್ದು ಆಗ.

ನಮ್ಮಲ್ಲಿ ಮೂರು ಅಭಿಪ್ರಾಯಗಳಿದ್ದವು. ಸಕ್ಕರೆ ಇರುವವರಿಗೆ ಕಾಲಿಗೆ ಕತ್ತಿ ತಾಗಿಸಬಾರದು ಎಂದ ದೊಡ್ಡವನು. ಹುಣ್ಣು ಎಲುಬಿಗೆ ಇಳಿದರೆ ಕಾಲೇ ಹೋದೀತು ಎಂದಳು ತಂಗಿ. ಖರ್ಚಿನ ಲೆಕ್ಕ ಹಾಕುತ್ತಿದ್ದವನು ನಡುವಿನವನು. ಸುಳ್ಯದಲ್ಲಿ 2002ರಿಂದ ವೈದ್ಯಕೀಯ ಕಾಲೇಜೇ ಇದೆ, ಮಂಗಳೂರಿನಲ್ಲಿ 1848ರಷ್ಟು ಹಿಂದಿನ ವೆನ್ಲಾಕ್ ಆಸ್ಪತ್ರೆಯಿದೆ. ಹೋಗಲು ಜಾಗವಿಲ್ಲದ ಊರಲ್ಲ ನಮ್ಮದು. ಆದರೆ ಯಾವ ಆಪರೇಷನ್, ಅದರಿಂದ ಏನು ಸಿಗುತ್ತದೆ, ಏನು ಕಳೆಯುತ್ತದೆ ಎಂಬುದು ತಿಳಿಯದೆ ಹೇಗೆ ಒಪ್ಪುವುದು?

ಡಾಕ್ಟರು ಕಾಗದದ ಮೇಲೆ ಪಾದ ಬರೆದು ತೋರಿಸಿದರು. ಹೆಬ್ಬೆರಳಿನ ಬುಡದ ಕೀಲನ್ನು ನೇರ ಮಾಡಿ, ಪ್ಲೇಟು ಸ್ಕ್ರೂ ಹಾಕಿ ಶಾಶ್ವತವಾಗಿ ಬೆಸೆಯುವುದು. ಉಳಿದ ನಾಲ್ಕು ಬೆರಳುಗಳ ಬುಡದಲ್ಲಿ ಅಂಗಾಲಿಗೆ ಚುಚ್ಚುವ ಎಲುಬಿನ ತುದಿಗಳನ್ನು ತೆಗೆದು, ಬೆರಳುಗಳನ್ನು ಇಳಿಸಿ ತಂತಿಯಲ್ಲಿ ಹಿಡಿದಿಡುವುದು. ಎಲುಬಿನ ತುದಿ ತೆಗೆಯುವ ಈ ಉಪಾಯ ನೂರು ವರ್ಷಕ್ಕೂ ಹಿಂದೆ ಹಾಫ್‌ಮನ್ ಎಂಬ ಅಮೆರಿಕದ ವೈದ್ಯರು ಬರೆದಿಟ್ಟದ್ದು, ಮುಂದಿನವರು ತಿದ್ದಿ ಬೆಳೆಸಿದ್ದು. ಔಷಧಗಳು ಸುಧಾರಿಸಿದ ಈ ಕಾಲದಲ್ಲಿ ಕೀಲು ಪೂರ್ತಿ ಹಾಳಾಗದಿದ್ದರೆ ಅದನ್ನು ಉಳಿಸಿ, ಎಲುಬನ್ನು ಮಾತ್ರ ಕತ್ತರಿಸಿ ಸರಿಸುವ ಕ್ರಮವೂ ಬಂದಿದೆ. ಜಪಾನಿನ ವೈದ್ಯರು ಇದರಲ್ಲಿ ಬಹಳ ಕೆಲಸ ಮಾಡಿದ್ದಾರೆ. ಕೆಲವರಿಗೆ ಮುಂಗಾಲಲ್ಲ, ಹಿಂಗಾಲು ಕೆಡುತ್ತದೆ. ಪಾದದ ಕಮಾನು ಕುಸಿದು ಹಿಮ್ಮಡಿ ಹೊರಕ್ಕೆ ವಾಲುತ್ತದೆ. ಅವರಿಗೆ ಹಿಂಗಾಲಿನ ಕೀಲುಗಳನ್ನು ಬೆಸೆಯುತ್ತಾರೆ. ಪಾದದ ಗಂಟೇ ಹೋದವರಿಗೆ ಬೆಸುಗೆ ಅಥವಾ ಕೃತಕ ಕೀಲು. ಉಮ್ಮನ ಹಿಂಗಾಲು ಗಟ್ಟಿಯಿತ್ತು, ಮುಂಗಾಲಿನ ಕೀಲುಗಳಲ್ಲಿ ಉಳಿಸುವಂಥದ್ದೇನೂ ಉಳಿದಿರಲಿಲ್ಲ.

"ಹೊಸ ಕಾಲು ಕೊಡಲು ನನ್ನಿಂದ ಆಗುವುದಿಲ್ಲ ಅಮ್ಮಾ" ಎಂದರು ಡಾಕ್ಟರು. "ಬೆರಳು ಗಿಡ್ಡವಾಗುತ್ತವೆ, ಹಿಡಿತ ಕಡಿಮೆಯಾಗುತ್ತದೆ, ಹೆಬ್ಬೆರಳು ಇನ್ನು ಬಾಗುವುದಿಲ್ಲ. ಗಾಯ ಒಣಗಲು ತಡವಾಗಬಹುದು, ಕೀವಾಗಬಹುದು, ಎಲುಬು ಬೆಸೆಯದೆ ಹೋಗಬಹುದು. ಎಲ್ಲ ಸರಿಯಾದರೆ ಚಪ್ಪಲಿ ಹಾಕಿ ನೋವಿಲ್ಲದೆ ನಡೆಯುತ್ತೀರಿ."

ಹೆಬ್ಬೆರಳು ಬಾಗುವುದಿಲ್ಲ ಎಂಬ ಮಾತಿಗೆ ಉಮ್ಮ ಸುಮ್ಮನಾದರು. ಸುಜೂದ್‌ನಲ್ಲಿ ಕಾಲ್ಬೆರಳುಗಳನ್ನು ಮಡಿಸಿ ನೆಲಕ್ಕೂರಬೇಕು. ನೋವು ಹೆಚ್ಚಾದಂದಿನಿಂದ ಅವರು ಕುರ್ಚಿಯಲ್ಲೇ ನಮಾಝ್ ಮಾಡುತ್ತಿದ್ದರೂ, ಕಾಲು ಸರಿಯಾದ ದಿನ ಮತ್ತೆ ನೆಲಕ್ಕೆ ಇಳಿಯುತ್ತೇನೆ ಎಂಬ ಆಸೆಯೊಂದಿತ್ತು. ಈ ಆಪರೇಷನ್ ಆ ಆಸೆಯನ್ನೇ ಕತ್ತರಿಸುತ್ತಿತ್ತು. ಊರಿನ ಉಸ್ತಾದರಲ್ಲಿ ಉಪ್ಪ ಕೇಳಿಕೊಂಡು ಬಂದರು. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ಮಾಡುವ ನಮಾಝೂ ನಮಾಝೇ, ಅಲ್ಲಾಹನು ಯಾರಿಂದಲೂ ಶಕ್ತಿ ಮೀರಿದ್ದನ್ನು ಕೇಳುವುದಿಲ್ಲ ಎಂದು ಅವರು ಸಮಾಧಾನ ಹೇಳಿ ಕಳಿಸಿದ್ದರು. ಉಮ್ಮನಿಗೆ ಇದು ಗೊತ್ತಿಲ್ಲದ್ದೇನೂ ಅಲ್ಲ. ಎರಡು ದಿನ ಬಿಟ್ಟು ಅವರೇ ಹೇಳಿದರು:

"ನಮಾಝ್ ಕುರ್ಚಿಯಲ್ಲೂ ಆಗುತ್ತದೆ ಮಕ್ಕಳೇ. ವುಝೂ ಮಾಡಲು ಬಾವಿಕಟ್ಟೆಯವರೆಗೆ ನಾನೇ ನಡೆದು ಹೋಗಬೇಕು. ನನಗೆ ಅಷ್ಟು ಸಾಕು."

ತೀರ್ಮಾನ ಅವರದಾಯಿತು. ನಮ್ಮ ಮೂರು ಅಭಿಪ್ರಾಯಗಳು ಅಲ್ಲಿಗೆ ಮುಗಿದವು.

ತಯಾರಿಯ ದಿನಗಳಲ್ಲಿ ಕಲಿತದ್ದು ಬಹಳ. ಕಾಲಿನ ಆಪರೇಷನ್ನಿಗೆ ಕುತ್ತಿಗೆಯ ಎಕ್ಸ್‌ರೇ ತೆಗೆಸಿ ಎಂದಾಗ ನಮಗೆ ಆಶ್ಚರ್ಯ. ಈ ರೋಗ ಕುತ್ತಿಗೆಯ ಮೇಲಿನ ಎಲುಬುಗಳ ಕಟ್ಟನ್ನೂ ಸಡಿಲಿಸಿರಬಹುದು, ಅದು ತಿಳಿಯದೆ ಅರಿವಳಿಕೆ ಕೊಡುವಾಗ ಕುತ್ತಿಗೆ ಬಾಗಿಸಿದರೆ ಅಪಾಯವಂತೆ. ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತದೆಯೇ ಎಂದು ನೋಡಿದರು. ಸಕ್ಕರೆಯನ್ನು ಹತೋಟಿಗೆ ತಂದು, ಹುಣ್ಣು ಪೂರ್ತಿ ಒಣಗಿಸಿ ಆಮೇಲೆ ದಿನ ಗೊತ್ತುಮಾಡಿದರು. ಆಪರೇಷನ್ನಿಗೆ ಮುಂಚೆ ಸಂಧಿವಾತದ ಮಾತ್ರೆ ನಿಲ್ಲಿಸಬೇಕೆಂದು ನೆಂಟರೆಲ್ಲ ಹೇಳುತ್ತಿದ್ದರು. ಮೆಥೊಟ್ರೆಕ್ಸೇಟನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ, ನಿಲ್ಲಿಸಿದರೆ ರೋಗ ಕೆರಳುತ್ತದೆ ಎಂಬುದು ಇಂದಿನ ವೈದ್ಯರ ನಿಲುವು. ಬಯಾಲಜಿಕ್ ಎಂಬ ದುಬಾರಿ ಇಂಜೆಕ್ಷನ್ ತೆಗೆದುಕೊಳ್ಳುವವರು ಮಾತ್ರ ಒಂದು ಸರದಿ ಬಿಡಬೇಕಾಗುತ್ತದೆ. ಇದನ್ನು ನೆಂಟರಲ್ಲ, ಆಪರೇಷನ್ ಮಾಡುವವರೂ ಸಂಧಿರೋಗ ತಜ್ಞರೂ ಕೂಡಿ ತೀರ್ಮಾನಿಸಬೇಕು.

2019ರ ಫೆಬ್ರವರಿಯಲ್ಲಿ ಬಲಗಾಲಿನ ಆಪರೇಷನ್ ಆಯಿತು. ಮಳೆಗೆ ಮುಂಚೆ ಕಾಲು ಊರುವಂತಾಗಲಿ ಎಂದು ಆ ತಿಂಗಳನ್ನೇ ಆರಿಸಿಕೊಂಡೆವು. ನಾಲ್ಕು ಬೆರಳ ತುದಿಯಿಂದ ತಂತಿಗಳು ಹೊರಗೆ ಇಣುಕುತ್ತಿದ್ದವು. ಮೊಮ್ಮಕ್ಕಳು ಹೆದರಿ ಹತ್ತಿರ ಬರಲಿಲ್ಲ. ಹಿಮ್ಮಡಿಯಲ್ಲಿ ಮಾತ್ರ ಭಾರ ಹಾಕುವ ಒಂದು ಬೂಟು. ವಾಕರ್ ಹಿಡಿಯೋಣವೆಂದರೆ ಕೈಯೂ ಸಂಧಿವಾತದ ಕೈ. ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟೆವು. ಕಕ್ಕುಸಿಗೆ ಹೋಗುವುದೇ ದೊಡ್ಡ ಪ್ರಯಾಣ. ಮನೆಯ ಒಳಗೆ ಕುರ್ಚಿಯಂಥ ಕಮೋಡ್ ಇಟ್ಟದ್ದರಿಂದ ಬದುಕಿದೆವು. ಪಕ್ಕದ ತೋಟದ ಅಕ್ಕ ದಿನವೂ ಮಧ್ಯಾಹ್ನ ಬಂದು ಕೂರುತ್ತಿದ್ದರು. ಆ ಹೊತ್ತಿಗೆ ಹೆಣ್ಮಕ್ಕಳು ಸ್ನಾನ, ಊಟ ಮುಗಿಸುತ್ತಿದ್ದರು. ಆರನೇ ವಾರ ತಂತಿ ತೆಗೆದರು. ಮೂರು ತಿಂಗಳಿಗೆ ಹೆಬ್ಬೆರಳು ಬೆಸೆದುಕೊಂಡದ್ದು ಎಕ್ಸ್‌ರೇಯಲ್ಲಿ ಕಂಡಿತು. ಬಾವು ಪೂರ್ತಿ ಇಳಿಯಲು ವರ್ಷವೇ ಬೇಕಾಯಿತು.

ಎಡಗಾಲಿಗೆ 2020ರ ಏಪ್ರಿಲ್ ಎಂದು ನಿಶ್ಚಯವಾಗಿತ್ತು. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಅದು ಆದದ್ದು 2021ರ ಡಿಸೆಂಬರಿನಲ್ಲಿ. ಹೀಗಾಗಿ ಸುಮಾರು ಮೂರು ವರ್ಷ ಉಮ್ಮನಿಗೆ ಒಂದು ಸರಿಯಾದ ಕಾಲು, ಒಂದು ಹಳೆಯ ಕಾಲು. ಬಲಗಾಲಿಗೆ ಅಂಗಡಿಯ ಚಪ್ಪಲಿ, ಎಡಗಾಲಿಗೆ ಹೊಲಿಸಿದ ಚಪ್ಪಲಿ. ಆಪರೇಷನ್ನಿನಿಂದ ಏನು ಸಿಗುತ್ತದೆ ಎಂಬುದನ್ನು ಆ ಎರಡು ಕಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ ತಿಳಿದೆವು. ಬಲಗಾಲು ಚಂದವಾಗಿಲ್ಲ. ಗಿಡ್ಡವಾಗಿದೆ, ಬೆರಳುಗಳು ಜೋತಂತಿವೆ, ಮೇಲೆ ಉದ್ದನೆಯ ಗಾಯದ ಗುರುತು. ಆದರೆ ಅಂಗಾಲು ನುಣುಪು. ಆಣಿಯಿಲ್ಲ, ಹುಣ್ಣಿಲ್ಲ, ಬೆರಳ ಸಂದಿಗೆ ಬಟ್ಟೆಯ ತುದಿ ಹೋಗುತ್ತದೆ. ಎಡಗಾಲಿನ ಆಪರೇಷನ್ನಿಗೆ ಉಮ್ಮನನ್ನು ಯಾರೂ ಒಪ್ಪಿಸಬೇಕಾಗಿ ಬರಲಿಲ್ಲ. ದಿನ ಯಾವಾಗ ಎಂದು ಅವರೇ ಕೇಳುತ್ತಿದ್ದರು.

ಈಗ ಉಮ್ಮ ಬಾವಿಕಟ್ಟೆಗೆ ಹೋಗುತ್ತಾರೆ, ತೋಡಿನ ಆಚೆಗಿನ ಮನೆಗೂ ಹೋಗುತ್ತಾರೆ. ಮಳೆಗಾಲದಲ್ಲಿ ಯಾರಾದರೂ ಕೈ ಹಿಡಿಯಬೇಕು. ಬೆರಳಿಗೆ ಹಿಡಿತವಿಲ್ಲದ ಕಾಲಿಗೆ ಪಾಚಿಯ ಮೆಟ್ಟಿಲು ಎಂದಿಗೂ ಭಯವೇ. ಮೆಟ್ಟಿಲಿನ ಬದಿಗೆ ಕಬ್ಬಿಣದ ಕೈಪಿಡಿ ಹಾಕಿಸಿದ್ದೇವೆ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕಡಬದಿಂದ ಆಲಂಕಾರು, ಉಪ್ಪಿನಂಗಡಿ ದಾಟಿ ಪುತ್ತೂರಿಗೆ ರಕ್ತ ಪರೀಕ್ಷೆಗೆ ಹೋಗಿಬರುವ ಖರ್ಚು ಉಳಿಯಿತು. ಟಿಕೆಟ್ ಉಚಿತವಾದರೂ ಬಸ್ಸಿನ ಮೆಟ್ಟಿಲು ಮಾತ್ರ ಅಷ್ಟೇ ಎತ್ತರದಲ್ಲಿದೆ. ಕಂಡಕ್ಟರು ಒಂದು ನಿಮಿಷ ಕಾದರೆ ಅದೇ ದೊಡ್ಡ ಉಪಕಾರ.

ಇದನ್ನು ಓದಿ ಗಂಟು ನೋವಿನವರೆಲ್ಲ ಆಪರೇಷನ್ನಿಗೆ ಓಡಬೇಕೆಂದು ನಾವು ಹೇಳುತ್ತಿಲ್ಲ. ಹೇಳಬೇಕಾದದ್ದು ಅದಕ್ಕೆ ತದ್ವಿರುದ್ಧ. ರೋಗ ಶುರುವಾದ ಮೊದಲ ಮೂರರಿಂದ ಆರು ತಿಂಗಳಲ್ಲಿ ಸರಿಯಾದ ಔಷಧ ಸಿಕ್ಕರೆ ಕೀಲುಗಳು ಈ ಸ್ಥಿತಿಗೆ ಬರುವುದನ್ನು ಬಹುಮಟ್ಟಿಗೆ ತಡೆಯಬಹುದು. ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಕೀಲು ಹಿಡಿದಿರುವುದು, ಎರಡೂ ಕೈ ಅಥವಾ ಎರಡೂ ಕಾಲಿನ ಸಣ್ಣ ಕೀಲುಗಳು ಊದುವುದು, ಆರು ವಾರವಾದರೂ ಇಳಿಯದಿರುವುದು: ಇಷ್ಟಿದ್ದರೆ ಪುಡಿಯ ಪೊಟ್ಟಣ ಬಿಟ್ಟು ಡಾಕ್ಟರಲ್ಲಿಗೆ ಹೋಗಬೇಕು. ಕಾಲಿನ ಮುಂಭಾಗವನ್ನು ಎರಡು ಬದಿಯಿಂದ ಮೆಲ್ಲನೆ ಒತ್ತಿದಾಗ ನೋವಾಗುವುದೂ ಒಂದು ಸೂಚನೆ. ಎಷ್ಟೋ ಮಂದಿಗೆ ರೋಗ ಕಾಲ್ಬೆರಳಿನಲ್ಲೇ ಶುರುವಾಗುತ್ತದೆ. ಕಾಲು ಈಗಾಗಲೇ ಕೆಟ್ಟಿದ್ದರೆ ಮೊದಲು ಚಪ್ಪಲಿ ಬದಲಿಸಿ, ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ, ಬೆರಳ ಸಂದಿ ಒರೆಸಿ ಒಣಗಿಸಿ. ಅದರಿಂದಲೂ ಆಗದಿದ್ದರೆ ಆಪರೇಷನ್ನಿನ ಮಾತು. ಖರ್ಚಿನ ಭಯವಿರುವ ರೇಷನ್ ಕಾರ್ಡಿನ ಕುಟುಂಬಗಳು 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ತಾಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ದಾಖಲಾದ ಮೇಲೆ ಕಾಗದಕ್ಕೆ ಓಡಾಡುವುದು ಕಷ್ಟ.

ಮನೆಯಲ್ಲಿ ತಾಯಿಯೋ ಅತ್ತೆಯೋ ಅಜ್ಜಿಯೋ ಚಪ್ಪಲಿ ಎಳೆಯುತ್ತಾ ನಡೆಯುತ್ತಿದ್ದರೆ, ಮದುವೆಗೆ ಬರಲೊಲ್ಲೆ ಎನ್ನುತ್ತಿದ್ದರೆ, ಕೇಳಿದರೆ ಏನಿಲ್ಲವೆಂದು ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದರೆ, ಒಂದು ದಿನ ಅವರ ಎದುರು ನೆಲದಲ್ಲಿ ಕುಳಿತು ಆ ಪಾದವನ್ನು ಕೈಯಲ್ಲಿ ತೆಗೆದುಕೊಂಡು ಅಂಗಾಲನ್ನು ನೋಡಿ. ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಕೈಯ ಜೊತೆಗೆ ಕಾಲನ್ನೂ ತೋರಿಸಿ.